ಹೊಲಿದ ಹಡಗು

(ಬಿಂಕದಕಟ್ಟಿಯಲ್ಲಿ ಅಕ್ಷರ ಕಲಿತ ಅಕ್ಕತಂಗಿಯರ ಮುಂದೆ ಆಡಿದ ಮಾತು)

ಹೊಲದ ಕೆಲಸ ಮುಗಿಸಿ, ರೊಟ್ಟಿ ಬಡಿದು, ಮಕ್ಕಳಿಗೆ ಉಣ್ಣಿಸಿ ಬಂದಿದ್ದೀರಿ. ದಣಿದಿದ್ದೀರಿ ಅಂತ ನನಗೆ ಗೊತ್ತು. ಅದಕ್ಕೇ ಇವತ್ತು ಪಾಠ ಇಲ್ಲ. ಇವತ್ತು ಒಂದು ಸಾಮಾನು ತಂದಿದ್ದೇನೆ. ನೋಡ್ರಿ. ಕೈಯಾಗ ಹಿಡೀರಿ. ಒಬ್ಬರು ನೋಡಿ ಇನ್ನೊಬ್ಬರಿಗೆ ಕೊಡ್ರಿ.

ಆಗಲೇ ಒಬ್ಬ ಅವ್ವ ಕೇಳಿದರು. "ಇದೇನ ಯವ್ವಾ, ತೊಟ್ಟಿಲೇನು?"

ಇನ್ನೊಬ್ಬರು ಅಂದರು. "ತೊಟ್ಟಿಲಲ್ಲ ಬಿಡ ಬೇ. ದನಕ್ಕ ನೀರು ಹಾಕೋ ದೋಣಿ ಇದ್ದಂಗ ಐತಿ."

ದೋಣಿ ಅಂದವರ ಮಾತು ಖರೇ. ಆದರೆ ದನದ ದೋಣಿ ನೀರನ್ನು ಒಳಗೆ ಇಟ್ಟುಕೊಳ್ಳುತ್ತದೆ. ಈ ದೋಣಿ ನೀರನ್ನು ಹೊರಗೆ ಇಡುತ್ತದೆ. ನೀರಿನ ಮೇಲೆ ತೇಲುತ್ತದೆ. ಇದೇ ದೊಡ್ಡದಾದರೆ ಹಡಗು. ನಿಮ್ಮ ಕೈಯಲ್ಲಿ ಇರುವುದು ಹಡಗಿನ ಚಿಕ್ಕ ಮಾದರಿ. ಉದ್ದ ಒಂದು ಮೊಳ.

ಹಡಗು ನಮಗ ಯಾಕ?

ನಮ್ಮ ಊರಿನಲ್ಲಿ ಸಮುದ್ರ ಇಲ್ಲ. ಮಳೆ ಬಂದರೆ ಹಳ್ಳಕ್ಕೆ ನೀರು. ಇಲ್ಲದಿದ್ದರೆ ಅದೂ ಇಲ್ಲ. ಹಡಗಿನ ಮಾತು ನಮಗ್ಯಾಕ ಅಂತ ನೀವು ಕೇಳಬಹುದು.

ಆದರೆ ನೀರು ದಾಟುವ ವಿದ್ಯೆ ನಮ್ಮ ಜಿಲ್ಲೆಗೆ ಹೊಸದಲ್ಲ. ಮುಂಡರಗಿ ಕಡೆಯ ಅಕ್ಕಂದಿರನ್ನು ಕೇಳಿ ನೋಡ್ರಿ. ಅಲ್ಲಿ ತುಂಗಭದ್ರಾ ಹೊಳೆ ಹರಿಯುತ್ತದೆ. ಹೊಳೆ ದಾಟಲಿಕ್ಕೆ ಹರಗೋಲು ಇರುತ್ತಿತ್ತು. ಬಿದಿರನ್ನು ಸೀಳಿ ದೊಡ್ಡ ಬುಟ್ಟಿ ಹೆಣೆಯುತ್ತಿದ್ದರು. ಅದರ ಹೊರಗೆ ಹಿಂದಿನ ಕಾಲದಲ್ಲಿ ತೊಗಲು ಹೊದಿಸುತ್ತಿದ್ದರು. ಆಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿದರು. ಬುಟ್ಟಿ ಹೆಣೆಯುವ ಕೈಗೆ ಹರಗೋಲು ದೂರದ ಮಾತಲ್ಲ.

ಇನ್ನೊಂದು ಮಾತು. ಗದಗದಿಂದ ಹುಬ್ಬಳ್ಳಿಗೆ ಹೋಗುವ ರಸ್ತೆ ನಿಮಗೆಲ್ಲ ಗೊತ್ತು. ಆ ಹೆದ್ದಾರಿ ಹುಬ್ಬಳ್ಳಿಗೆ ನಿಲ್ಲುವುದಿಲ್ಲ. ಯಲ್ಲಾಪುರ ದಾಟಿ, ಘಟ್ಟ ಇಳಿದು, ಅಂಕೋಲಾಕ್ಕೆ ಹೋಗುತ್ತದೆ. ಅಲ್ಲಿಂದ ಕಾರವಾರ ಹತ್ತಿರ. ಕಾರವಾರದಲ್ಲಿ ನಮ್ಮ ದೇಶದ ನೌಕಾಸೇನೆಯ ದೊಡ್ಡ ನೆಲೆ ಇದೆ. ಅಲ್ಲಿ 2025ನೇ ಇಸವಿ ಮೇ 21ರಂದು ಒಂದು ಹಡಗನ್ನು ನೌಕಾಸೇನೆಗೆ ಸೇರಿಸಿಕೊಂಡರು. ಅದರ ಹೆಸರು ಕೌಂಡಿನ್ಯ.

ಆ ಹಡಗಿನ ವಿಶೇಷ ಏನು ಗೊತ್ತೇನು? ಅದರ ಹಲಗೆಗಳನ್ನು ಮೊಳೆ ಹೊಡೆದು ಕೂಡಿಸಿಲ್ಲ. ಹಗ್ಗದಿಂದ ಹೊಲಿದಿದ್ದಾರೆ. ಹೌದು, ನಾವು ಕೌದಿ ಹೊಲಿದಂತೆ!

ಅದರ ಕಥೆ ಹೇಳುತ್ತೇನೆ. ಅದಕ್ಕಿಂತ ಮುಂಚೆ ಈ ಚಿಕ್ಕ ಹಡಗಿನ ಕಥೆ ಕೇಳಿರಿ. ಇದು ತಿಳಿದರೆ ಅದು ತಿಳಿಯುತ್ತದೆ.

ಹಲಗೆ ಹಚ್ಚುವ ಲೆಕ್ಕ

ಈ ಮಾದರಿಯನ್ನು ನಾನು ಮತ್ತು ಒಬ್ಬ ಬಡಿಗೇರ ಕಾಕಾ ಕೂಡಿ ಮಾಡಿದೆವು. ಕಾಕಾ ಬಂಡಿ, ಕುಂಟಿ, ಕೂರಿಗೆ ಮಾಡಿದವರು. ಈಗ ಟ್ರ್ಯಾಕ್ಟರ್ ಬಂದಿದೆ. ಕೂರಿಗೆ ಕೇಳುವವರು ಕಡಿಮೆ. ಕಾಕಾ ಸಮುದ್ರ ನೋಡಿಲ್ಲ. ಆದರೆ ಹಡಗಿನ ಚಿತ್ರ ತೋರಿಸಿದ ಕೂಡಲೇ ಅಂದರು. "ತಿಳೀತು ಬಿಡವ್ವಾ. ಇದಕ್ಕ ಒಂದು ಬೆನ್ನೆಲುಬು, ಮ್ಯಾಲೆ ಪಕ್ಕೆಲುಬು, ಅದರ ಮ್ಯಾಲೆ ಚರ್ಮ."

ಖರೇ. ಕೆಳಗೆ ಉದ್ದಕ್ಕೆ ಒಂದು ಗಟ್ಟಿ ಮರ. ಅದು ಬೆನ್ನೆಲುಬು. ಅದರ ಮೇಲೆ ಅಡ್ಡಡ್ಡ ಬಾಗಿದ ಮರಗಳು. ಅವು ಪಕ್ಕೆಲುಬು. ಹೊರಗೆ ಹಲಗೆಗಳು. ಅದು ಚರ್ಮ.

ಬೆನ್ನೆಲುಬು ಬೇಗ ಆಯಿತು. ಪಕ್ಕೆಲುಬೂ ಆದವು. ಕಷ್ಟ ಬಂದದ್ದು ಹಲಗೆಯಲ್ಲಿ.

ಹಡಗಿನ ಹೊಟ್ಟೆ ಅಗಲ. ಮೂತಿ ಸಣ್ಣದು. ನಾವು ಹೊಟ್ಟೆಯ ಒಂದು ಬದಿಗೆ ದಾರ ಹಿಡಿದು ಅಳೆದೆವು. 12 ಬೆರಳು ಬಂತು. ಒಂದು ಹಲಗೆ ಒಂದು ಬೆರಳು ಅಗಲ. ಹಾಗಾದರೆ 12 ಹಲಗೆ ಬೇಕು. ಮೂತಿಯ ಹತ್ತಿರ ಅಳೆದೆವು. ಬರೀ 6 ಬೆರಳು ಬಂತು.

ಈಗ ಲೆಕ್ಕ ಹಾಕಿರಿ. 6 ಬೆರಳಿನ ಜಾಗದಲ್ಲಿ 12 ಹಲಗೆ ಹೇಗೆ ಕೂಡಬೇಕು? ಕೂಡುವುದಿಲ್ಲ. ಒಂದರ ಮೇಲೊಂದು ಏರುತ್ತವೆ. ಅದಕ್ಕೆ ಪ್ರತಿ ಹಲಗೆಯ ತುದಿಯನ್ನೂ ಅರ್ಧ ಬೆರಳಿಗೆ ಸಣ್ಣ ಮಾಡಬೇಕು. ನಡುವೆ ಒಂದು ಬೆರಳು, ತುದಿಗೆ ಅರ್ಧ ಬೆರಳು.

ಇದು ನಿಮಗೆ ಹೊಸದಲ್ಲ. ಜಂಪರದ ತೋಳು ಕತ್ತರಿಸುವಾಗ ಏನು ಮಾಡುತ್ತೀರಿ? ಮೇಲೆ ಅಗಲ ಬಿಡುತ್ತೀರಿ. ಕೆಳಗೆ ಸಣ್ಣ ಮಾಡುತ್ತೀರಿ. ನೆಟ್ಟಗಿನ ಬಟ್ಟೆ ಮೈಗೆ ಕೂಡುವುದಿಲ್ಲ. ನೆಟ್ಟಗಿನ ಹಲಗೆ ಹಡಗಿಗೆ ಕೂಡುವುದಿಲ್ಲ.

ಎರಡನೇ ಕಷ್ಟ ಬಗ್ಗಿಸುವುದು. ಒಣ ಹಲಗೆ ಬಗ್ಗಿಸಿದರೆ ಪಟ್ ಅಂತ ಮುರಿಯುತ್ತದೆ. ನಾನು ಮೂರು ಹಲಗೆ ಮುರಿದೆ. ಕಾಕಾ ನಕ್ಕು ಒಲೆಯ ಮೇಲೆ ನೀರು ಇಡಿಸಿದರು. ಬಿಸಿನೀರಿನಲ್ಲಿ ನೆನೆದ ಹಲಗೆ ಹೇಳಿದಂತೆ ಕೇಳಿತು.

ನನ್ನ ಹಡಗು ಸೊಟ್ಟ ಆಯಿತು

ಒಂದು ಸಂಜೆ ಕಾಕಾ ಮನೆಗೆ ಹೋದರು. ನನಗೆ ಹುರುಪು. ನಾನೊಬ್ಬಳೇ ಕೂತು ಬಲಗಡೆಗೆ ಐದು ಹಲಗೆ ಹಚ್ಚಿದೆ. ಎಡಗಡೆಗೆ ಒಂದೂ ಹಚ್ಚಲಿಲ್ಲ. ನಾಳೆ ಹಚ್ಚಿದರಾಯಿತು ಅಂದುಕೊಂಡೆ.

ಮುಂಜಾನೆ ಎದ್ದು ನೋಡಿದರೆ ಹಡಗು ಬಾಳೆಕಾಯಿಯಂತೆ ಬಾಗಿತ್ತು. ಹಲಗೆ ಒಣಗುತ್ತಾ ತನ್ನ ಕಡೆಗೆ ಎಳೆದುಕೊಂಡಿತ್ತು. ಬೆನ್ನೆಲುಬೇ ತಿರುಚಿತ್ತು.

ಕಾಕಾ ಬೈಯಲಿಲ್ಲ. "ಒಂದ ಎತ್ತಿನ ಮ್ಯಾಲೆ ನೊಗ ಇಟ್ರ ಬಂಡಿ ಎತ್ತಾಗ ಹೋಕ್ಕತಿ?" ಅಂತ ಕೇಳಿದರು. ಬಲಕ್ಕೆ ಒಂದು ಹಲಗೆ ಹಚ್ಚಿದರೆ ಎಡಕ್ಕೂ ಒಂದು ಹಚ್ಚಬೇಕು. ಆಮೇಲೆ ಮತ್ತೆ ಬಲಕ್ಕೆ. ಎರಡೂ ಬದಿ ಸಮನಾಗಿ ಏರಬೇಕು.

ಐದೂ ಹಲಗೆ ಕಿತ್ತೆವು. ಮೊದಲಿನಿಂದ ಸುರು ಮಾಡಿದೆವು. ಈಗ ನಿಮ್ಮ ಕೈಯಲ್ಲಿ ಇರುವುದು ಎರಡನೇ ಸಲ ಮಾಡಿದ್ದು. ಮೂತಿಯ ಹತ್ತಿರ ನೋಡ್ರಿ. ಇನ್ನೂ ಸ್ವಲ್ಪ ಸೊಟ್ಟ ಇದೆ. ಇರಲಿ ಅಂತ ಬಿಟ್ಟೆವು.

ಮೊಳೆ ಇಲ್ಲದ ದೊಡ್ಡ ಹಡಗು

ಈಗ ಕೌಂಡಿನ್ಯ ಹಡಗಿನ ಮಾತಿಗೆ ಬರೋಣ. ಅದು ಸುಮಾರು 65 ಅಡಿ ಉದ್ದ, 21 ಅಡಿ ಅಗಲ. ಅದಕ್ಕೆ ಇಂಜಿನ್ ಇಲ್ಲ. ಗಾಳಿಯೇ ಅದನ್ನು ನೂಕಬೇಕು. ಎತ್ತರದ ಕಂಬಗಳಿಗೆ ದೊಡ್ಡ ಬಟ್ಟೆ ಕಟ್ಟಿರುತ್ತಾರೆ. ಅದಕ್ಕೆ ಹಾಯಿ ಅಂತ ಹೆಸರು. ಆ ಹಾಯಿಯ ಮೇಲೆ ಎರಡು ತಲೆಯ ಹಕ್ಕಿಯ ಚಿತ್ರ ಇದೆ. ಅದು ಗಂಡಭೇರುಂಡ. ಸರಕಾರಿ ಕಾಗದದ ಮೇಲೆ ಕರ್ನಾಟಕದ ಮುದ್ರೆ ಇರುತ್ತದಲ್ಲ, ಅದರಲ್ಲೂ ಇದೇ ಹಕ್ಕಿ ಇದೆ. ಮನೆಗೆ ಹೋಗಿ ಹುಡುಕಿ ನೋಡ್ರಿ.

ಹಡಗು ಕಟ್ಟಿದ್ದು ಗೋವಾದಲ್ಲಿ. ಕಟ್ಟಿದ ಸಂಸ್ಥೆಯ ಹೆಸರು ಹೋಡಿ ಇನ್ನೋವೇಶನ್ಸ್. ಮರಾಠಿ, ಕೊಂಕಣಿ ಬಲ್ಲವರಿಗೆ ಗೊತ್ತು, ಹೋಡಿ ಅಂದರೆ ದೋಣಿ. ಹೊಲಿಗೆಯ ಕೆಲಸಕ್ಕೆ ಕೇರಳದ ಕುಶಲಿಗರು ಬಂದರು. ಅವರ ಹಿರಿಯರು ಬಾಬು ಶಂಕರನ್. 2023ರ ಸೆಪ್ಟೆಂಬರ್ 12ರಂದು ಅಡಿಯ ಬೆನ್ನೆಲುಬಿನ ಮರ ಇಟ್ಟರು. 2025ರ ಫೆಬ್ರುವರಿಯಲ್ಲಿ ಹಡಗು ನೀರಿಗೆ ಇಳಿಯಿತು.

ಹಲಗೆ ಹೊಲಿಯುವುದು ಹೇಗೆ?

ಮೊದಲು ಹಲಗೆಗೆ ಹಬೆ ಕೊಡುತ್ತಾರೆ. ನಾವು ಕಡಬು ಬೇಯಿಸುತ್ತೇವಲ್ಲ, ಹಾಗೆ. ಹಬೆಯಲ್ಲಿ ಬೆಂದ ಹಲಗೆ ಮೆತ್ತಗಾಗುತ್ತದೆ. ಬಿಸಿ ಇರುವಾಗಲೇ ಬಗ್ಗಿಸಬೇಕು.

ಆಮೇಲೆ ಹಲಗೆಯ ಅಂಚಿಗೆ ಸಾಲಾಗಿ ತೂತು ಹಾಕುತ್ತಾರೆ. ಪಕ್ಕದ ಹಲಗೆಗೂ ಎದುರಾಎದುರು ತೂತು. ಎರಡು ಹಲಗೆ ಕೂಡುವ ಕಡೆ ತೆಂಗಿನ ನಾರಿನ ಮೆತ್ತೆ ಇಡುತ್ತಾರೆ. ಅದರ ಮೇಲೆ ನಾರಿನ ಹಗ್ಗ ಹಾಕಿ ಬಿಗಿಯಾಗಿ ಹೊಲಿಯುತ್ತಾರೆ. ಇಂಥ ಹೊಲಿಗೆಯಲ್ಲಿ ಒಬ್ಬರು ಹಡಗಿನ ಒಳಗೆ, ಒಬ್ಬರು ಹೊರಗೆ. ಒಳಗಿನವರು ಹಗ್ಗ ತೂರಿಸುತ್ತಾರೆ. ಹೊರಗಿನವರು ಎಳೆಯುತ್ತಾರೆ. ದೊಡ್ಡ ಕೌದಿಗೆ ನಾವು ಇಬ್ಬರು ಎದುರಾಬದುರಾ ಕೂತಂತೆ.

ಹೊಲಿದಾದ ಮೇಲೆ ತೂತುಗಳನ್ನು ಮುಚ್ಚಬೇಕು. ತೆಂಗಿನ ನಾರು, ಮರದ ರಾಳ, ಮೀನೆಣ್ಣೆ, ಇವನ್ನು ಬಳಸಿ ಸಂದು ಬಿಗಿ ಮಾಡುತ್ತಾರೆ. ಹಡಗು ನೀರಿಗೆ ಇಳಿದ ಮೇಲೆ ಹಲಗೆ ನೀರು ಕುಡಿದು ಉಬ್ಬುತ್ತದೆ. ಸಂದು ಇನ್ನೂ ಬಿಗಿಯಾಗುತ್ತದೆ. ಬೇಸಿಗೆಯಲ್ಲಿ ಬಂಡಿಯ ಗಾಲಿ ಸಡಿಲಾದರೆ ಹಿರಿಯರು ನೀರಿನಲ್ಲಿ ನಿಲ್ಲಿಸುತ್ತಿದ್ದರು. ಇದೂ ಅದೇ ವಿದ್ಯೆ.

ನಮ್ಮ ಮಾದರಿಯಲ್ಲಿ ಮೊದಲು ಪಕ್ಕೆಲುಬು, ಆಮೇಲೆ ಹಲಗೆ. ಹೊಲಿಯುವ ಹಡಗಿನ ಹಳೆಯ ಪದ್ಧತಿ ಇದಕ್ಕೆ ತಿರುಗಾ. ಅದರಲ್ಲಿ ಮೊದಲು ಹಲಗೆಗಳನ್ನು ಹೊಲಿದು ಚಿಪ್ಪು ಮಾಡುತ್ತಾರೆ. ಆಮೇಲೆ ಒಳಗೆ ಪಕ್ಕೆಲುಬು ಕೂಡಿಸುತ್ತಾರೆ.

ಒಬ್ಬ ತಂಗಿ ಕೇಳುತ್ತಿದ್ದಾಳೆ. "ಮೊಳಿ ಹೊಡದ್ರ ಗಟ್ಟಿ ಇರೂದಿಲ್ಲೇನ್ರೀ?"

ಮೊಳೆಯೂ ಗಟ್ಟಿಯೇ. ಆದರೆ ಕಬ್ಬಿಣದ ಮೊಳೆ ಉಪ್ಪುನೀರಿನಲ್ಲಿ ತುಕ್ಕು ಹಿಡಿಯುತ್ತದೆ. ಮೊಳೆ ಹೊಡೆದ ಹಡಗು ಬಿರುಸು. ಹೊಲಿದ ಹಡಗು ಸ್ವಲ್ಪ ಬಾಗುತ್ತದೆ. ತೆರೆ ಬಡಿದರೆ, ಮರಳಿಗೆ ತಾಗಿದರೆ, ಆ ಪೆಟ್ಟನ್ನು ತಾಳಿಕೊಳ್ಳುತ್ತದೆ. ಹೊಲಿಗೆ ಹಳೆಯದಾದರೆ ಬಿಚ್ಚಿ ಮತ್ತೆ ಹೊಲಿಯಬಹುದು.

ಇನ್ನೊಂದು ಮಾತು ನೆನಪಿಡಿ. ಕೇರಳದಲ್ಲಿ ತೆಂಗಿನ ನಾರನ್ನು ಹುರಿ ಮಾಡುವ ಕೆಲಸ ಹೆಚ್ಚಾಗಿ ಹೆಂಗಸರದು. ಆ ಹುರಿ ಇಲ್ಲದೆ ಹೊಲಿಗೆ ಇಲ್ಲ. ಹೊಲಿಗೆ ಇಲ್ಲದೆ ಈ ಹಡಗು ಇಲ್ಲ.

ಚಿತ್ರ ಇತ್ತು, ಬರಹ ಇರಲಿಲ್ಲ

ಈಗ ನಾನು ಹೇಳಬೇಕಾದ ಮುಖ್ಯ ಮಾತು.

ಹಿಂದಿನ ಕಾಲದಲ್ಲಿ ನಮ್ಮ ದೇಶದವರು ಇಂಥ ಹೊಲಿದ ಹಡಗುಗಳಲ್ಲಿ ದೂರ ದೂರ ಹೋಗುತ್ತಿದ್ದರು. ಅರಬರ ದೇಶಕ್ಕೆ ಹೋದರು. ಪೂರ್ವದ ದ್ವೀಪಗಳಿಗೆ ಹೋದರು. 1498ರಲ್ಲಿ ಪೋರ್ತುಗೀಸರು ನಮ್ಮ ತೀರಕ್ಕೆ ಬಂದರು. ಅವರ ಹಡಗುಗಳಿಗೆ ಮೊಳೆ ಇತ್ತು. ಬರಬರುತ್ತಾ ಇಲ್ಲಿಯೂ ಮೊಳೆಯ ಹಡಗು ಹೆಚ್ಚಾದವು. ದೊಡ್ಡ ಹಡಗು ಹೊಲಿಯುವ ಕೆಲಸ ನಿಂತು ಹೋಯಿತು. ಮೀನು ಹಿಡಿಯುವ ಸಣ್ಣ ದೋಣಿಗಳಲ್ಲಿ ಮಾತ್ರ ಹೊಲಿಗೆ ಉಳಿಯಿತು. ಆಮೇಲೆ ಫೈಬರ್ ದೋಣಿ ಬಂದವು. ಅಲ್ಲಿಯೂ ಹೊಲಿಯುವವರು ಕಡಿಮೆಯಾದರು.

ಮತ್ತೆ ಅಂಥ ಹಡಗು ಕಟ್ಟಬೇಕು ಅಂತ ಹೊರಟಾಗ ಕೈಯಲ್ಲಿ ಏನಿತ್ತು? ಹಳೆಯ ನಕ್ಷೆ ಇರಲಿಲ್ಲ. ಅಳತೆ ಇರಲಿಲ್ಲ. ಮಹಾರಾಷ್ಟ್ರದ ಅಜಂತಾ ಗುಹೆಯಲ್ಲಿ ಒಂದು ಚಿತ್ರ ಇತ್ತು. 5ನೇ ಶತಮಾನದ ಚಿತ್ರ. ಅದರಲ್ಲಿ ಒಂದು ಹಡಗು ಇದೆ. ಅದನ್ನೇ ನೋಡಿ ಅಂದಾಜು ಮಾಡಬೇಕಾಯಿತು.

ಚಿತ್ರ ಹಡಗಿನ ಮೈ ತೋರಿಸುತ್ತದೆ. ಹಲಗೆ ಎಷ್ಟು ದಪ್ಪ ಅಂತ ಹೇಳುವುದಿಲ್ಲ. ಯಾವ ಹಲಗೆ ಮೊದಲು ಅಂತ ಹೇಳುವುದಿಲ್ಲ. ಅದಕ್ಕೆ ಮದರಾಸಿನ ಐಐಟಿ ಎಂಬ ದೊಡ್ಡ ವಿದ್ಯಾಸಂಸ್ಥೆಯ ಸಹಾಯ ಪಡೆದರು. ಅಲ್ಲಿ ಚಿಕ್ಕ ಮಾದರಿ ಇಟ್ಟುಕೊಂಡು, ಇಂಥ ಹಡಗು ನೀರಿನಲ್ಲಿ ಹೇಗೆ ನಡೆದೀತು ಅಂತ ಪರೀಕ್ಷೆ ಮಾಡಿದರು. ನೋಡ್ರಿ, ದೊಡ್ಡ ಹಡಗಿಗೂ ಚಿಕ್ಕ ಹಡಗು ಬೇಕಾಯಿತು.

ಅಷ್ಟು ಹಡಗು ಕಟ್ಟಿದವರು ಯಾಕೆ ಬರೆದಿಡಲಿಲ್ಲ? ಹಲಗೆ ಹೊಲಿಯುವ ಕೈಗೆ ಅಕ್ಷರ ಕಲಿಸಿದವರು ಕಡಿಮೆ. ಅಕ್ಷರ ಬಲ್ಲವರು ಹಲಗೆ ಹೊಲಿಯುವವರ ಹತ್ತಿರ ಕೂತು ಕೇಳಿದ್ದೂ ಕಡಿಮೆ. ವಿದ್ಯೆ ಒಂದು ಕಡೆ, ಅಕ್ಷರ ಒಂದು ಕಡೆ ಉಳಿಯಿತು.

"ಬರದಿಟ್ರ ಕೆಲಸ ಬರತೈತೇನ್ರೀ? ಓದಿದ್ರ ರೊಟ್ಟಿ ಬಡಿಯಾಕ ಬರತೈತೇನು?" ಅಂತ ಆ ಕಡೆಯಿಂದ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಬರುವುದಿಲ್ಲ. ಓದಿದ ಮಾತ್ರಕ್ಕೆ ರೊಟ್ಟಿ ದುಂಡಗೆ ಆಗುವುದಿಲ್ಲ. ಗುಹೆಯ ಚಿತ್ರ ತಾನೇ ಹಡಗು ಹೊಲಿಯಲಿಲ್ಲ. ಹೊಲಿಯಬಲ್ಲ ಕೈಗಳು ಕೇರಳದಲ್ಲಿ ಇನ್ನೂ ಉಳಿದಿದ್ದವು. ಅದಕ್ಕೇ ಹಡಗು ಆಯಿತು. ಆ ಕೈಗಳೂ ಇಲ್ಲದಿದ್ದರೆ? ಕೈಯೂ ಬೇಕು, ಕಾಗದವೂ ಬೇಕು. ಎಷ್ಟು, ಯಾವುದು ಮೊದಲು, ಎಲ್ಲಿ ಕೆಡುತ್ತದೆ, ಇದನ್ನು ಕಾಗದ ಹೇಳುತ್ತದೆ. ಉಳಿದದ್ದನ್ನು ಕೈ ಮಾಡಿ ಮಾಡಿ ಕಲಿಯುತ್ತದೆ.

2025ರ ಡಿಸೆಂಬರ್ 29ರಂದು ಆ ಹೊಲಿದ ಹಡಗು ಗುಜರಾತಿನ ಪೋರಬಂದರಿನಿಂದ ಹೊರಟಿತು. ಇಂಜಿನ್ ಇಲ್ಲ, ಗಾಳಿಯೇ ಗತಿ. ಅರಬ್ಬೀ ಸಮುದ್ರ ದಾಟಿತು. 2026ರ ಜನವರಿ 14ರಂದು ಓಮಾನ್ ದೇಶದ ಮಸ್ಕತ್ ಮುಟ್ಟಿತು. ಇಲ್ಲಿ ನಾವು ಸಂಕ್ರಾಂತಿಯ ಗಡಿಬಿಡಿಯಲ್ಲಿದ್ದೆವು. ಅಲ್ಲಿ ಹಗ್ಗದ ಹೊಲಿಗೆ ಸಮುದ್ರವನ್ನು ಗೆದ್ದಿತ್ತು.

ನಮ್ಮವ್ವನ ಕೌದಿ

ನನ್ನ ಮನೆಯ ಒಂದು ಮಾತು ಹೇಳಿ ಮುಗಿಸುತ್ತೇನೆ.

ನಮ್ಮವ್ವ ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆ, ಹಳೆಯ ಧೋತರ, ಎಲ್ಲ ಹರಡಿ ಪದರ ಮಾಡುತ್ತಿದ್ದಳು. ಅಂಚಿನಿಂದ ಸುರು ಮಾಡಿ, ಸುತ್ತಿ ಸುತ್ತಿ ನಡುವಿಗೆ ಬರುತ್ತಿದ್ದಳು. ಆಕೆ ಹೊಲಿದ ಕೌದಿಯನ್ನು ಎಷ್ಟು ಸಲ ಒಗೆದರೂ ಒಳಗಿನ ಬಟ್ಟೆ ಮುದ್ದೆ ಆಗುತ್ತಿರಲಿಲ್ಲ. ಊರ ಹೆಂಗಸರು ಕೇಳಿಕೊಂಡು ಬರುತ್ತಿದ್ದರು.

ಅವ್ವ ತೀರಿಕೊಂಡ ಮೇಲೆ ನಾನೂ ಒಂದು ಕೌದಿ ಹೊಲಿದೆ. ಎರಡು ಒಗೆತಕ್ಕೆ ಒಳಗೆಲ್ಲ ಮುದ್ದೆ ಕಟ್ಟಿತು. ಆಕೆ ಒಳಪದರವನ್ನು ಹೇಗೆ ಇಡುತ್ತಿದ್ದಳು? ನನಗೆ ಗೊತ್ತಿಲ್ಲ. ಈಗ ಕೇಳೋಣ ಅಂದರೆ ಆಕೆ ಇಲ್ಲ.

ಅವ್ವನಿಗೆ ಬರೆಯಲಿಕ್ಕೆ ಬರುತ್ತಿರಲಿಲ್ಲ. ಆಕೆಯ ತಪ್ಪಲ್ಲ. ನನಗೆ ಬರುತ್ತಿತ್ತು. ನಾನು ಸಾಲಿ ಕಲಿತವಳು. ಆಕೆಯ ಪಕ್ಕದಲ್ಲೇ ಕೂತು ಪುಸ್ತಕ ಓದುತ್ತಿದ್ದೆ. "ಅವ್ವಾ, ಇದನ್ನ ಹ್ಯಾಂಗ ಮಾಡ್ತೀ? ಹೇಳು, ಬರಕೊಂತೀನಿ" ಅಂತ ಒಂದು ದಿನ ಕೇಳಲಿಲ್ಲ. ಪುಸ್ತಕದಲ್ಲಿ ಇರುವುದೇ ವಿದ್ಯೆ ಅಂತ ತಿಳಿದಿದ್ದೆ. ಆ ತಪ್ಪು ನನ್ನದು.

ನೀವು ಆ ತಪ್ಪು ಮಾಡಬೇಡಿರಿ. ನಿಮ್ಮ ಹತ್ತಿರ ಈಗ ಎರಡೂ ಇವೆ. ಕೈಯಲ್ಲಿ ವಿದ್ಯೆ ಇದೆ. ಅಕ್ಷರವೂ ಬಂದಿದೆ. ಬೀಜ ಕೆಡದಂತೆ ಇಡುವುದು ನಿಮಗೆ ಗೊತ್ತು. ಬಾಣಂತಿಗೆ ಅಂಟಿನುಂಡಿ ಕಟ್ಟುವುದು ಗೊತ್ತು. ಬುಟ್ಟಿ, ಕೌದಿ, ಕಸೂತಿ ಗೊತ್ತು. ಅದರಲ್ಲಿ ಒಂದನ್ನು ಬರೆಯಿರಿ. ಐದು ಸಾಲು ಸಾಕು. ಕಾಗುಣಿತ ತಪ್ಪಿದರೆ ತಪ್ಪಲಿ. ಗೇಣು, ಬೊಗಸೆ, ಸೇರು, ನಿಮ್ಮ ಅಳತೆಯನ್ನೇ ಬರೆಯಿರಿ. ಎಲ್ಲಿ ಕೆಡುತ್ತದೆ ಅನ್ನುವುದನ್ನು ಮರೆಯದೆ ಬರೆಯಿರಿ. ಕೆಳಗೆ ನಿಮ್ಮ ಹೆಸರು ಹಾಕಿರಿ. ಹಳೆಯ ಹಡಗು ಹೊಲಿದವರ ಹೆಸರು ನಮಗೆ ಗೊತ್ತಿಲ್ಲ. ನಿಮ್ಮ ಹೆಸರು ನಿಮ್ಮ ಮೊಮ್ಮಗಳಿಗೆ ಗೊತ್ತಿರಲಿ.

ಈ ಚಿಕ್ಕ ಹಡಗನ್ನು ಇಲ್ಲೇ ಬಿಟ್ಟು ಹೋಗುತ್ತೇನೆ. ಇದರ ಹೊಟ್ಟೆಯಲ್ಲಿ ಒಂದು ಚೀಟಿ ಇದೆ. ಕಾಕಾ ಹೇಳಿದರು, ನಾನು ಬರೆದೆ. ಅವರಿಗೆ ಓದಲಿಕ್ಕೆ ಬರುವುದಿಲ್ಲ. ಯಾರಾದರೂ ಒಬ್ಬರು ಎದ್ದು ನಿಂತು ಗಟ್ಟಿಯಾಗಿ ಓದಿರಿ. ಹ್ಞಾಂ, ಓದವ್ವಾ:

1. ಮೊದಲು ದಾರ ಹಿಡಿದು ಅಳತೆ ಮಾಡು.
2. ಹಲಗೆಯ ತುದಿ ಸಣ್ಣ ಮಾಡು.
3. ಬಿಸಿನೀರಿನಲ್ಲಿ ನೆನೆಸಿ ಬಗ್ಗಿಸು.
4. ಬಲಕ್ಕೆ ಒಂದು, ಎಡಕ್ಕೆ ಒಂದು ಹಚ್ಚು.
5. ಸೊಟ್ಟ ಆದರೆ ಅಂಜಬೇಡ. ಬಿಚ್ಚಿ ಮತ್ತೆ ಹಚ್ಚು.

ಚಂದ ಓದಿದಿ.

ಮಾತಾಡೋಣ, ಬರೆಯೋಣ

1. ಮೊಳೆ ಹೊಡೆದ ಹಡಗಿಗೂ ಹೊಲಿದ ಹಡಗಿಗೂ ಏನು ವ್ಯತ್ಯಾಸ?
2. ಹೊಟ್ಟೆಯಲ್ಲಿ 12 ಬೆರಳು, ಮೂತಿಯಲ್ಲಿ 4 ಬೆರಳು ಇದ್ದರೆ ಹಲಗೆಯ ತುದಿ ಎಷ್ಟು ಅಗಲ ಇರಬೇಕು?
3. ನಿಮ್ಮ ಊರಿನಲ್ಲಿ ನಿಂತುಹೋದ ಒಂದು ಕೆಲಸ ಯಾವುದು? ಅದನ್ನು ಬಲ್ಲವರು ಈಗ ಯಾರಿದ್ದಾರೆ? ಈ ವಾರ ಅವರ ಹತ್ತಿರ ಹೋಗಿ ಕೇಳಿರಿ.
4. ನಿಮಗೆ ಬರುವ ಒಂದು ಕೆಲಸವನ್ನು ಐದು ಸಾಲಿನಲ್ಲಿ ಬರೆಯಿರಿ. ಕೆಳಗೆ ನಿಮ್ಮ ಹೆಸರು ಬರೆಯಿರಿ.